ಹಳೇ ಚಂದ್ರಂಕಿ ರಿಪೇರಿ: ಬಿದಿರು ಕಡಿಯುವುದರಿಂದ ಗೂಡು ಬಿಡಿಸುವವರೆಗೆ

ನಮ್ಮದು ರಾಮನಗರದ ಹತ್ತಿರದ ಒಂದು ಹಳ್ಳಿ. ರೇಷ್ಮೆ ಹುಳು ಸಾಕುತ್ತೇವೆ. ಹುಳು ಮನೆಯ ಅಟ್ಟದಲ್ಲಿ ಅಪ್ಪನ ಕಾಲದ 40 ಬಿದಿರು ಚಂದ್ರಂಕಿ ಇದ್ದವು. ಅರ್ಧಕ್ಕಿಂತ ಜಾಸ್ತಿ ಹಾಳಾಗಿದ್ದವು. ಹಿಂದಿನ ಬೆಳೆಗಳಿಗೆ ಬಾಡಿಗೆಗೆ ತಂದು ಸುಧಾರಿಸಿಕೊಂಡಿದ್ದೆವು. ಈ ಸಲ ರಿಪೇರಿ ಮಾಡಿಸಿಯೇ ತೀರಬೇಕು ಅಂತ ಕೂತೆವು. ಮನೆಯಲ್ಲಿ ಬಿದ್ದಿರುವ ಚಂದ್ರಂಕಿಗಳನ್ನು ಒಲೆಗೆ ಹಾಕುವ ಯೋಚನೆಯಲ್ಲಿರುವವರಿಗೆ ಉಪಯೋಗ ಆಗಲಿ ಅಂತ ನಡೆದದ್ದನ್ನು ಹಾಗೇ ಬರೆದಿಟ್ಟಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಹುಳು ಹಣ್ಣಾದ ಮೇಲೆ (ಬೆಳೆದು ಸೊಪ್ಪು ತಿನ್ನುವುದು ಬಿಟ್ಟ ಮೇಲೆ) ಗೂಡು ಕಟ್ಟಲು ಬಿಡುವ ಜಾಗವೇ ಚಂದ್ರಂಕಿ, ಅಂದರೆ ಚಂದ್ರಿಕೆ. 6 ಅಡಿ ಉದ್ದ, 4 ಅಡಿ ಅಗಲದ ಒಂದು ಬಿದಿರು ತಟ್ಟಿ. ಅದರ ಮೇಲೆ 2 ಅಂಗುಲಕ್ಕಿಂತ ಸ್ವಲ್ಪ ಜಾಸ್ತಿ ಅಗಲದ ಹೆಣೆದ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ, ನಡುವಿನಿಂದ ಸುತ್ತುತ್ತಾ ಹೊರಕ್ಕೆ ಬರುತ್ತಾರೆ. ಸುತ್ತು ಸುತ್ತಿನ ನಡುವೆ 2 ಅಂಗುಲ ಸಂದು. ಹುಳು ಆ ಸಂದಿನಲ್ಲಿ ಕೂತು, ಎರಡೂ ಕಡೆಯ ಪಟ್ಟಿಗೆ ಎಳೆ ಹಾಕಿ, ಗೂಡು ಕಟ್ಟುತ್ತದೆ. ಇದನ್ನು ಮಾಡುವವರು ಮೇದರು. ನಮ್ಮೂರಿಗೆ ಮೊರ, ಮಂಕರಿ, ತೊಟ್ಟಿಲು ಕೊಡುವವರೂ ಅವರೇ.

ಹಂತ 1: ಇಳಿಸಿದ್ದು, ಬೇರೆ ಮಾಡಿದ್ದು

ಎಲ್ಲವನ್ನೂ ಅಟ್ಟದಿಂದ ಇಳಿಸಿ ಅಂಗಳದಲ್ಲಿ ಗೋಡೆಗೆ ಒರಗಿಸಿದೆವು. ಒಂದೊಂದನ್ನೇ ಬಿಸಿಲಿಗೆ ಎದುರು ಹಿಡಿದು ನೋಡಿದರೆ ಎಲ್ಲಿ ಹೋಗಿದೆ ಅಂತ ಗೊತ್ತಾಗುತ್ತದೆ. ತಟ್ಟಿಯ ಹಿಂದಿನ ದಬ್ಬೆಗಳನ್ನು ಬೆರಳಲ್ಲಿ ಬಡಿಯಬೇಕು. ಗಟ್ಟಿ ಇದ್ದರೆ ಟಣ್ ಅನ್ನುತ್ತದೆ. ಕುಟ್ಟೆ (ಬಿದಿರು ಕೊರೆಯುವ ಹುಳ) ಹಿಡಿದಿದ್ದರೆ ಸದ್ದು ಮಂಕು, ಕೆಳಗೆ ಸಣ್ಣಗೆ ಹಳದಿ ಪುಡಿ ಉದುರುತ್ತದೆ.

ಲೆಕ್ಕ ಹೀಗಾಯಿತು. 11 ಚೆನ್ನಾಗಿದ್ದವು. 22ರಲ್ಲಿ ಪಟ್ಟಿ ಬಿಚ್ಚಿತ್ತು, ಇಲ್ಲವೇ ಒಂದೆರಡು ದಬ್ಬೆ ಹೋಗಿತ್ತು. ಇವು ರಿಪೇರಿಗೆ. 7 ಪೂರ್ತಿ ಹಾಳು. ಆದರೆ ಆ ಏಳನ್ನೂ ಸುಡಲಿಲ್ಲ. ಮೇದರ ತಾತ ಬಂದು ನೋಡಿ, "ತಟ್ಟಿ ಹೋದ್ರೂ ಪಟ್ಟಿ ಬದುಕದೆ ಕಣಪ್ಪ, ಬಿಚ್ಚಿಡು" ಅಂದರು. ಆ ಹಳೇ ಪಟ್ಟಿಯೇ ಆಮೇಲೆ ಐದಾರು ಚಂದ್ರಂಕಿಗೆ ತೇಪೆಯಾಯಿತು.

ಹಂತ 2: ಹಿಂದಿನ ರಿಪೇರಿಗಳನ್ನು ಕಿತ್ತಿದ್ದು

ಜಾಸ್ತಿ ಹೊತ್ತು ಹಿಡಿದದ್ದು ಇದೇ. ಹಿಂದೆ ಮೇದರು ಸಿಗದಿದ್ದಾಗ ಮನೆಯಲ್ಲೇ ಏನೇನೋ ಮಾಡಿಕೊಂಡಿದ್ದೆವು. ಯಾವುದೂ ನಿಂತಿಲ್ಲ. ಯಾಕೆ ನಿಂತಿಲ್ಲ ಅಂತ ಬರೆಯುತ್ತೇನೆ.

ನೈಲಾನ್ ದಾರ: ಪಟ್ಟಿಯನ್ನು ತಟ್ಟಿಗೆ ಕಟ್ಟಲು ಸುಲಭ, ಬಿಗಿಯೂ ಬರುತ್ತದೆ. ಆದರೆ ಗೂಡು ಬಿಡಿಸಿದ ಮೇಲೆ ಪಟ್ಟಿಗೆ ಅಂಟಿರುವ ನೂಲನ್ನು ಬೆಂಕಿ ತೋರಿಸಿ ಸುಡಬೇಕಲ್ವಾ? ನಾವು ಗ್ಯಾಸ್ ಬರ್ನರ್ ಹಿಡಿಯುತ್ತೇವೆ. ಉರಿ ತಾಗಿದ ಕ್ಷಣ ನೈಲಾನ್ ಕರಗಿ ಹೋಗುತ್ತದೆ. ಒಂದು ಬೆಳೆಗೆ ಕಟ್ಟಿದ್ದು ಅದೇ ಬೆಳೆಯ ಕೊನೆಗೆ ಬಿಚ್ಚಿಕೊಂಡಿರುತ್ತದೆ.

ಬೈಂಡಿಂಗ್ ವೈರ್: ಬೆಂಕಿಗೆ ಏನೂ ಆಗುವುದಿಲ್ಲ. ಆದರೆ ತುಕ್ಕು ಹಿಡಿಯುತ್ತದೆ. ಗೂಡು ಕಟ್ಟುವ ಮೊದಲು ಹುಳು ಕೊನೆಯ ಸಲ ಉಚ್ಚೆ ಹೊಯ್ಯುತ್ತದೆ. ಆ ತೇವ ತಾಗಿ ತುಕ್ಕು ಇಳಿದು ಗೂಡಿಗೆ ಕಲೆ ಆಗುತ್ತದೆ. ಮಾರುಕಟ್ಟೆಯಲ್ಲಿ ಕಲೆ ಗೂಡನ್ನು ಪಕ್ಕಕ್ಕೆ ಎತ್ತಿಟ್ಟೇ ರೇಟು ಹೇಳುವುದು. ಮೇಲಾಗಿ ಗೂಡು ಬಿಡಿಸುವ ಹೆಂಗಸರ ಬೆರಳಿಗೆ ವೈರಿನ ತುದಿ ಚುಚ್ಚುತ್ತದೆ.

ಸೆಣಬಿನ ದಾರ: ಇಲಿಗೆ ಬಹಳ ಇಷ್ಟ. ಅಟ್ಟದಲ್ಲಿ ಇಟ್ಟಿದ್ದಷ್ಟೂ ಕತ್ತರಿಸಿ ಹಾಕಿತ್ತು.

ಮೂಲದಲ್ಲಿ ಮೇದರು ಕಟ್ಟಿದ್ದು ಬಿದಿರಿನದೇ ತೆಳು ಸಿಪ್ಪೆಯಿಂದ. ಆ ಕಟ್ಟುಗಳು ಎಷ್ಟೋ ಕಡೆ ಇನ್ನೂ ಹಾಗೇ ಇದ್ದವು. ಇಕ್ಕಳದಲ್ಲಿ ಎಳೆದರೂ ಬರಲಿಲ್ಲ. ಸಿಪ್ಪೆಯ ಹಸಿರು ಮೈ ಬೆಂಕಿಗೆ ಬೇಗ ಹತ್ತುವುದಿಲ್ಲ, ಬರ್ನರ್ ಒಂದೇ ಕಡೆ ನಿಲ್ಲಿಸದಿದ್ದರೆ ಆಯಿತು.

ಹಂತ 3: ಬಿದಿರು

ಮೊದಲು ರಸ್ತೆ ಬದಿಯ ಒಂದು ಡಿಪೋದಿಂದ ಒಣಗಿದ ಗಳ ತಂದೆವು. ಸೆಂಟ್ರಿಂಗಿಗೆ, ಏಣಿಗೆ ಮಾರುವ ಮಾಲು. ರಾತ್ರಿಯೆಲ್ಲ ನೀರಲ್ಲಿ ಇಟ್ಟು ನೋಡಿದೆವು. ಸೀಳಲು ಬಂತು. ಆದರೆ ಪಟ್ಟಿ ಹೆಣೆಯುವಾಗ ಅಂಚಿನಲ್ಲಿ ಮಡಚಿದ ಕಡೆಯೆಲ್ಲ ಲಟಲಟ ಮುರಿಯಿತು. ಆ ಗಳಗಳನ್ನು ತಟ್ಟಿಯ ಹಿಂದಿನ ದಬ್ಬೆಗೆ ಮಾತ್ರ ಬಳಸಿದೆವು. ಹೆಣಿಗೆಗೆ ಹಸಿ ಬಿದಿರೇ ಬೇಕು.

ಪಕ್ಕದ ಊರಿನ ಒಬ್ಬರ ತೋಟದ ಬೇಲಿಯಲ್ಲಿ ಮೆಳೆ ಇತ್ತು. ಗಿಣ್ಣು ಗಿಣ್ಣಿನ ನಡುವೆ ಉದ್ದ ಚೆನ್ನಾಗಿದೆ. ಗಳಕ್ಕೆ 120 ರೂಪಾಯಿ ಅಂತ ಮಾತಾಯಿತು. ಬಿದಿರು ಕಡಿಯಲು ಪರ್ಮಿಟ್ ಬೇಕಾ ಅಂತ ಅವರಿಗೆ ಭಯ. 2017ರಲ್ಲಿ ಭಾರತೀಯ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂತು. ಕಾಡಿನ ಹೊರಗೆ ಬೆಳೆದ ಬಿದಿರನ್ನು ಆ ಕಾಯ್ದೆಯ 'ಮರ' ಅನ್ನುವ ಪಟ್ಟಿಯಿಂದ ತೆಗೆದರು. ಇದು ಇನ್ನೂ ಎಷ್ಟೋ ರೈತರಿಗೆ ಗೊತ್ತಿಲ್ಲ. ಗೊತ್ತಾದರೆ ಬೇಲಿಗೆ ಬಿದಿರು ಹಾಕುವವರು ಜಾಸ್ತಿ ಆಗುತ್ತಾರೆ, ಮೇದರಿಗೆ ಹತ್ತಿರದಲ್ಲೇ ಮಾಲು ಸಿಗುತ್ತದೆ ಅನ್ನುವುದು ನನ್ನ ನಂಬಿಕೆ.

ಯಾವ ಗಳ ಕಡಿಯಬೇಕು ಅನ್ನುವುದನ್ನು ತಾತನೇ ತೋರಿಸಿದರು. ಮೈಮೇಲೆ ಹಾಳೆ ಇನ್ನೂ ಅಂಟಿಕೊಂಡಿದ್ದರೆ, ಬೂದಿ ಬಳಿದ ಹಾಗೆ ಬೆಳ್ಳಗಿದ್ದರೆ ಅದು ಈ ವರ್ಷದ್ದು. ಅದನ್ನು ಮುಟ್ಟಬಾರದು. ಹೆಣೆದ ಮೇಲೆ ಮುದುಡಿ ಸಡಿಲ ಆಗುತ್ತದೆ, ಹುಳವೂ ಬೇಗ ಬೀಳುತ್ತದೆ. ಮೈಮೇಲೆ ಬಿಳಿ, ಬೂದು ಮಚ್ಚೆ ಕೂತು ಹಳದಿ ತಿರುಗಿದ್ದು ಬಲಿತದ್ದು. ಅದು ದಬ್ಬೆಗೆ, ಏಣಿಗೆ ಸರಿ, ಹೆಣಿಗೆಗೆ ಗಡಸು. ಎರಡು ಮಳೆಗಾಲ ಕಂಡು ಕಡು ಹಸಿರಾಗಿ ನುಣ್ಣಗಿರುವುದೇ ಹೆಣಿಗೆಯ ಬಿದಿರು. ಕಡಿದದ್ದು ಅಮಾವಾಸ್ಯೆ ಹತ್ತಿರ. ಹುಣ್ಣಿಮೆ ಕಡೆ ಕಡಿದರೆ ಕುಟ್ಟೆ ಜಾಸ್ತಿ ಅಂತ ತಾತ ಒಪ್ಪಲೇ ಇಲ್ಲ.

ಮೆಳೆಯ ಬುಡದ ಮುಳ್ಳನ್ನು ಸವರಿ ದಾರಿ ಮಾಡಿಕೊಳ್ಳೋಣ ಅಂತ ನಮ್ಮ ಹುಡುಗ ಮಚ್ಚು ಎತ್ತಿದ. ತಾತ ತಡೆದರು. ಮುಳ್ಳು ಇದ್ದರೆ ತಾನೇ ಕಳಲೆಯನ್ನು ದನ ಮುಟ್ಟುವುದಿಲ್ಲ. ಗಳದ ಬುಡವನ್ನು ಸ್ವಲ್ಪ ಮೇಲಿನಿಂದಲೇ ಕಡಿದು, ಮುಳ್ಳನ್ನು ಅಲ್ಲೇ ಬಿಟ್ಟೆವು. 1970ರ ದಶಕದಲ್ಲಿ ಬುಟ್ಟಿ ಹೆಣೆಯುವವರೇ ಸರ್ಕಾರಕ್ಕೆ ದೂರು ಕೊಟ್ಟಿದ್ದರು, ಕಾಗದದ ಕಾರ್ಖಾನೆಗಳು ನಮ್ಮ ಬಿದಿರು ಮುಗಿಸುತ್ತಿವೆ ಅಂತ. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಉತ್ತರ ಕನ್ನಡದ ಮೆಳೆಗಳನ್ನು ನೋಡಿ ಹೇಳಿದ್ದೂ ತಾತನ ಮಾತನ್ನೇ. ಕಡಿಯಲು ಸುಲಭ ಆಗಲಿ ಅಂತ ಬುಡದ ಮುಳ್ಳು ತೆಗೆದ ಕಡೆ ಎಳೆ ಕಳಲೆಗಳು ದನಕರುಗಳ ಪಾಲಾಗಿದ್ದವು. ಓದು ಬರದ ತಾತನಿಗೆ ಇದು ಮೊದಲೇ ಗೊತ್ತಿತ್ತು.

ಒಟ್ಟು 14 ಗಳ. ಗೂಡ್ಸ್ ಆಟೋ 600.

ಹಂತ 4: ಸೀಳುವುದು

ಕೆಲಸ ನಡೆದದ್ದು ತಾತನ ಮನೆ ಮುಂದೆ. ಬಾಗಿಲ ಮೇಲೆ ಮೇದಾರ ಕೇತಯ್ಯನ ಪಟ. ಬಸವಣ್ಣನ ಕಾಲದ ಶರಣ, ಬುಟ್ಟಿ ಹೆಣೆಯುವುದೇ ಅವನ ಕಾಯಕ. ಬೆಳಗ್ಗೆ ಅದಕ್ಕೊಂದು ಹೂ ಇಟ್ಟೇ ಕತ್ತಿ ಹಿಡಿಯುವುದು.

ಬೇಕಾದ ಸಾಮಾನು ಬಹಳ ಕಡಿಮೆ. ಗರಗಸ, ದಪ್ಪ ಕತ್ತಿ ಒಂದು, ತೆಳು ಕತ್ತಿ ಒಂದು, ಕೂರಲು ಮಣೆ, ನೀರಿನ ಬಕೆಟ್ಟು, ತೊಡೆ ಮೇಲೆ ಹಾಕಿಕೊಳ್ಳಲು ಗೋಣಿ ತುಂಡು. ಗಳವನ್ನು 6 ಅಡಿಗಿಂತ ಒಂದು ಗೇಣು ಜಾಸ್ತಿ ಉದ್ದಕ್ಕೆ ಕತ್ತರಿಸಿದೆವು. ದಪ್ಪ ಕತ್ತಿಯಿಂದ ಎರಡು ಹೋಳು, ಆಮೇಲೆ ನಾಲ್ಕು, ಆಮೇಲೆ ಎಂಟು. ಯಾವಾಗಲೂ ಅರ್ಧಕ್ಕೇ ಸೀಳಬೇಕು. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇಟ್ಟು ಸೀಳಿದರೆ ಸೀಳು ತೆಳು ಕಡೆಗೇ ಓಡಿ ಹೋಗುತ್ತದೆ.

ನನ್ನ ಕೈಗೆ ಕತ್ತಿ ಕೊಟ್ಟಾಗಲೂ ಹಾಗೇ ಓಡಿತು. ತಾತ ಕತ್ತಿ ಬಿಡಿಸಿಕೊಳ್ಳಲಿಲ್ಲ. "ಕತ್ತಿ ಒತ್ಬೇಡ ಮಗಾ. ಕತ್ತಿ ಸುಮ್ನೆ ಇರ್ಲಿ. ದಪ್ಪ ಇರೋ ಕಡೆನ ಜಾಸ್ತಿ ಬಗ್ಸು, ಅದೇ ನಡೂಕೆ ಬತ್ತದೆ" ಅಂದರು. ನಿಜ. ದಪ್ಪಗಿರುವ ಹೋಳನ್ನು ಮಂಡಿಗೆ ಒತ್ತಿ ಬಾಗಿಸಿದರೆ ಓರೆಯಾಗಿದ್ದ ಸೀಳು ಕಣ್ಣೆದುರೇ ಮತ್ತೆ ನಡುವಿಗೆ ಬರುತ್ತದೆ. ಗಿಣ್ಣು ಬಂದಾಗ ಮಾತ್ರ ಕತ್ತಿಯ ಬೆನ್ನಿಗೆ ಒಂದು ಪೆಟ್ಟು. ಗಿಣ್ಣು ದಾಟಿದ ಮೇಲೆ ಪೆಟ್ಟಿನ ಕೆಲಸ ಇಲ್ಲ.

ಆಮೇಲೆ ತೆಳು ಕತ್ತಿ. ಕಾಲು ಅಂಗುಲ ಅಗಲದ ಕಡ್ಡಿಯನ್ನು ಪದರ ಪದರವಾಗಿ ಬಿಡಿಸುವುದು. ಮೇಲಿನ ಹಸಿರು ಸಿಪ್ಪೆ ಕಟ್ಟಿಗೆ, ಅದರ ಕೆಳಗಿನ ಪದರ ಪಟ್ಟಿಗೆ. ಒಳಗಿನ ಬೆಳ್ಳನೆಯ ತಿರುಳು ಒಲೆಗೆ. ಎಳೆಯ ದಪ್ಪ ಸುಮಾರು 1 ಮಿಲಿಮೀಟರ್. ತಾತ ಅಳೆಯುವುದಿಲ್ಲ. ಎಳೆಯನ್ನು ಬೆರಳಿಗೆ ಸುತ್ತುತ್ತಾರೆ. ಮುರಿಯದೆ ಸುತ್ತಿದರೆ ಆಯಿತು. ಕೊನೆಗೆ ತೊಡೆಯ ಗೋಣಿ ಮೇಲೆ ಎಳೆ ಇಟ್ಟು, ಕತ್ತಿಯ ಬಾಯಿ ಅಡ್ಡ ಹಿಡಿದು, ಅದರ ಕೆಳಗೆ ಎಳೆಯನ್ನು ಎಳೆಯುವುದು. ಸಿಬಿರೆಲ್ಲ ಹೋಗುತ್ತದೆ. ಇದನ್ನು ಬಿಡುವ ಹಾಗಿಲ್ಲ. ಸಿಬಿರು ಉಳಿದರೆ ಹುಳುವಿನ ಮೈ ಗೀರುತ್ತದೆ. ಹಣ್ಣಾದ ಹುಳುವಿನ ಚರ್ಮ ಬಹಳ ತೆಳು.

ಹಂತ 5: ಪಟ್ಟಿ

ಪಟ್ಟಿ ತಾತನ ಮನೆಯ ಅಜ್ಜಿಯ ಕೆಲಸ. ಎಳೆಗಳನ್ನು ಒಂದೆರಡು ಗಂಟೆ ನೀರಲ್ಲಿ ನೆನೆಸಿ, ನೆರಳಲ್ಲಿ ಕೂತು ಹೆಣೆಯುತ್ತಾರೆ. ಎಳೆ ಓರೆಯಾಗಿ ಒಂದರ ಮೇಲೆ, ಒಂದರ ಕೆಳಗೆ ಹೋಗುತ್ತದೆ. ಅಂಚಿಗೆ ಬಂದಾಗ ಮಡಚಿಕೊಂಡು ಹಿಂದಕ್ಕೆ. ಜಡೆ ಹೆಣೆದ ಹಾಗೆ ಪಟ್ಟಿ ಬೆಳೆಯುತ್ತಾ ಕಾಲ ಬುಡದಲ್ಲಿ ಸುರುಳಿ ಆಗುತ್ತದೆ. ಎಳೆ ಮುಗಿಯುವ ಮೊದಲೇ ಹೊಸ ಎಳೆಯನ್ನು ಅದರ ಮೇಲೆ ಒಂದು ಗೇಣು ಜೋಡಿಸಿ ಒಟ್ಟಿಗೆ ಹೆಣೆಯುತ್ತಾರೆ. ಎಷ್ಟು ಹುಡುಕಿದರೂ ಎಲ್ಲಿ ಸೇರಿಸಿದ್ದು ಅಂತ ಕಾಣುವುದಿಲ್ಲ.

ಒಂದು ಚಂದ್ರಂಕಿಗೆ ಎಷ್ಟು ಪಟ್ಟಿ ಬೇಕು ಗೊತ್ತಾ? 6 ಅಡಿಗೆ 4 ಅಡಿ ಅಂದರೆ 24 ಚದರ ಅಡಿ. ಸುತ್ತಿಗೆ 2 ಅಂಗುಲ ಸಂದು ಅಂದರೆ 144 ಅಡಿ. ಅಂಚಿನ ಜಾಗ ಕಳೆದರೂ 130 ಅಡಿಗೆ ಕಡಿಮೆ ಇಲ್ಲ. ಅಷ್ಟು ಉದ್ದವನ್ನು ಅಗಲ ಎಲ್ಲೂ ಹೆಚ್ಚು ಕಡಿಮೆ ಆಗದೆ ಬೆರಳಲ್ಲೇ ಹೆಣೆಯಬೇಕು. ಚಿಕ್ಕಂದಿನಿಂದ ಚಂದ್ರಂಕಿ ಎತ್ತಿ ಇಳಿಸಿದ್ದೇನೆ, ಈ ಲೆಕ್ಕ ಹಾಕಿ ನೋಡಿರಲಿಲ್ಲ.

ರಿಪೇರಿಗೆ 100 ರೂಪಾಯಿ ಅಂತ ಮೊದಲು ಅವರೇ ಹೇಳಿದ್ದರು. ಅಜ್ಜಿಯ ಕೆಲಸ ನೋಡಿದ ಮೇಲೆ ಅದಕ್ಕೆ ಮನಸ್ಸು ಒಪ್ಪಲಿಲ್ಲ. ಮೂರು ಹೊಸದೂ ಮಾಡಿಸುವುದಿತ್ತು. ರಿಪೇರಿ ಒಂದಕ್ಕೆ 150, ಹೊಸದು ಒಂದಕ್ಕೆ ಬಿದಿರು ನಮ್ಮದು, ಕೂಲಿ 1200 ಅಂತ ಮಾಡಿಕೊಂಡೆವು. ದುಡ್ಡನ್ನು ಇಬ್ಬರ ಕೈಗೂ ಸಮನಾಗಿ ಕೊಟ್ಟೆವು. ಸಾಮಾನ್ಯವಾಗಿ ಯಜಮಾನನ ಕೈಗೆ ಕೊಟ್ಟು ಬರುತ್ತೇವೆ, ಹೆಣೆದವರು ಪಕ್ಕದಲ್ಲೇ ಕೂತಿರುತ್ತಾರೆ. ಈ ಕೂಲಿಯೂ ಕಡಿಮೆಯೇ. ಗಾರೆ ಕೆಲಸದವರ ದಿನಗೂಲಿಯ ಪಕ್ಕ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಇವರ ಮಗ ಗಾರೆ ಕೆಲಸಕ್ಕೇ ಹೋಗುವುದು.

ಹಂತ 6: ಪಟ್ಟಿ ಕೂರಿಸಿದ್ದು, ಬಿಚ್ಚಿ ಮತ್ತೆ ಕೂರಿಸಿದ್ದು

ಹಿಂದಿನ ದಬ್ಬೆ ಬದಲಾಯಿಸುವುದು ಸುಲಭ. ಹೊಸ ದಬ್ಬೆಗಳನ್ನು ಮೊದಲೇ ಒಂದು ವಾರ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಕಲ್ಲು ಹೇರಿ ಇಟ್ಟಿದ್ದೆವು. ಬಿದಿರಿನ ಒಳಗಿನ ಹಿಟ್ಟಿನಂಶ ನೀರಿಗೆ ಇಳಿದರೆ ಕುಟ್ಟೆಯ ಕಾಟ ಕಡಿಮೆ. ನೀರು ವಾಸನೆ ಬರುತ್ತದೆ, ಮನೆಯಿಂದ ದೂರ ಇಡಿ. ನೆರಳಲ್ಲಿ ಒಣಗಿಸಿ, ತಟ್ಟಿಗೆ ಉದ್ದಕ್ಕೆ ಮೂರು, ಅಡ್ಡಕ್ಕೆ ನಾಲ್ಕು ಕಟ್ಟಿದೆವು.

ಪಟ್ಟಿ ಕೂರಿಸುವುದರಲ್ಲಿ ತಪ್ಪಾಯಿತು. ಮರಿ ಹುಳು ಸಾಕಿ ಕೊಡುವ ಚಾಕಿ ಸೆಂಟರಿನಿಂದ ಹುಳು ಬರುವ ದಿನ ಗೊತ್ತಾಗಿತ್ತು. ಎರಡನೇ ಜ್ವರ ಎದ್ದ (ಎರಡನೇ ಸಲ ಪೊರೆ ಬಿಟ್ಟ) ಹುಳು ಮನೆಗೆ ಬಂದರೆ ಹಣ್ಣಾಗಲು 16ರಿಂದ 18 ದಿನ, ಅಷ್ಟೇ. ಬೇಗ ಆಗಲಿ ಅಂತ ನಾನು ಅವಸರ ಮಾಡಿದೆ. ಹೆಣೆದ ಪಟ್ಟಿ ಹಸಿ ಇದ್ದಾಗಲೇ ತಟ್ಟಿಗೆ ಕಟ್ಟಿಸಿ ಬಿಸಿಲಿಗೆ ಇಡಿಸಿದೆ. ಒಣಗಿದ ಮೇಲೆ ನೋಡಿದರೆ ಎಳೆಯೆಲ್ಲ ಸೊರಗಿ ಪಟ್ಟಿ ಸಡಿಲ. ಕೆಲವು ಕಡೆ ಸಂದು 3 ಅಂಗುಲ, ಕೆಲವು ಕಡೆ ಪಟ್ಟಿಗೆ ಪಟ್ಟಿ ತಾಗಿಕೊಂಡಿದೆ. ಅಜ್ಜಿ ಏನೂ ಅನ್ನಲಿಲ್ಲ. ಕಟ್ಟು ಬಿಚ್ಚಲು ಕೂತರು.

ಸರಿಯಾದ ಕ್ರಮ ಇದು. ಪಟ್ಟಿ ಹೆಣೆದು, ಸುರುಳಿ ಸುತ್ತಿ, ನೆರಳಲ್ಲಿ ಒಣಗಲು ಬಿಡಬೇಕು. ಒಣಗಿದ ಮೇಲೆ ಎಳೆಗಳನ್ನು ಬೆರಳಲ್ಲಿ ಒತ್ತಿ ಒತ್ತಿ ಬಿಗಿ ಮಾಡಬೇಕು. 10 ಅಡಿಗೆ ಅರ್ಧ ಅಡಿಯಷ್ಟು ಕುಗ್ಗುತ್ತದೆ. ಆಮೇಲೆ ಕಟ್ಟುವುದು. ಕಟ್ಟುವ ಸಿಪ್ಪೆಗೆ ಮಾತ್ರ ನೀರು. ಅದು ಒಣಗುತ್ತಾ ತಾನೇ ಬಿಗಿಯುತ್ತದೆ.

ಸಂದು ನೋಡಿಕೊಳ್ಳಲು 2 ಅಂಗುಲದ ಒಂದು ಮರದ ತುಂಡು ಮಾಡಿಕೊಂಡೆ. ಅಜ್ಜಿಗೆ ಅದು ಬೇಕಿರಲಿಲ್ಲ. ಹೆಬ್ಬೆರಳಿನ ಉದ್ದವೇ ಅವರ ಅಳತೆ. ತುಂಡು ಇಟ್ಟು ನೋಡಿದೆ, ಎಲ್ಲ ಕಡೆ ಸರಿ ಇತ್ತು. ಕಟ್ಟು ಅರ್ಧ ಅಡಿಗೊಂದು. ತಿರುವಿನಲ್ಲಿ ಇನ್ನೂ ಹತ್ತಿರ.

ಈ ಅಳತೆಗೆ ಯಾಕಿಷ್ಟು ತಲೆ ಕೆಡಿಸಿಕೊಳ್ಳಬೇಕು ಅಂದರೆ, ಸಂದು ದೊಡ್ಡದಾದರೆ ಹುಳುವಿಗೆ ಎದುರು ಕಡೆ ಆಸರೆ ಸಿಗುವುದಿಲ್ಲ, ನೂಲನ್ನು ಸುಮ್ನೆ ಸುತ್ತಮುತ್ತ ಸುರಿದು ಬಿಡುತ್ತದೆ. ಜಾಗಕ್ಕೆ ನುಗ್ಗಾಡಿ ಎರಡು ಹುಳು ಒಂದೇ ಕಡೆ ಸೇರಿದರೆ ಜೋಡಿ ಗೂಡು. ಜೋಡಿ ಗೂಡಿನಲ್ಲಿ ಎರಡು ಎಳೆ ಸಿಕ್ಕಾಗಿರುತ್ತವೆ, ಒಂದೇ ಸಮನಾದ ನುಣ್ಣನೆಯ ನೂಲು ಬಿಚ್ಚಲು ಬರುವುದಿಲ್ಲ.

ಹಂತ 7: ಸೋಂಕು ಕಳೆಯುವುದು

100 ಲೀಟರ್ ನೀರಿಗೆ 2 ಕಿಲೋ ಬ್ಲೀಚಿಂಗ್ ಪೌಡರ್, 300 ಗ್ರಾಂ ಸುಣ್ಣ. ಎರಡೂ ಕಡೆ ತೋಯುವ ಹಾಗೆ ಸ್ಪ್ರೇ ಮಾಡಿ, ಚೆನ್ನಾಗಿ ಬಿಸಿಲಿಗೆ ಒಣಗಿಸಿದೆವು. ಮುಖಕ್ಕೆ ಬಟ್ಟೆ, ಕೈಗೆ ಗ್ಲೌಸ್ ಇರಲಿ. ಪೌಡರಿನ ವಾಸನೆ ಪೂರ್ತಿ ಹೋಗುವ ತನಕ ಹುಳು ಬಿಡಬೇಡಿ.

ಹಂತ 8: ಹುಳು ಬಿಟ್ಟದ್ದು

ಹುಳು ಸೊಪ್ಪು ಬಿಟ್ಟು, ಮೈ ಮಾಗಿ, ತಲೆ ಎತ್ತಿ ಆಡಿಸತೊಡಗಿದಾಗ ಆರಿಸಿದೆವು. ಒಂದು ಚಂದ್ರಂಕಿಗೆ ಸಾವಿರದಿಂದ ಸಾವಿರದ ಇನ್ನೂರು ಹಿಡಿಯುತ್ತದೆ. ರಿಪೇರಿಯಾದವಕ್ಕೆ ಒಂಬೈನೂರರ ಸುಮಾರಿಗೆ ಬಿಟ್ಟೆವು. ಹುಳು ಬಿಟ್ಟ ಮೇಲೆ ಗಾಳಿ ಆಡುವ ನೆರಳಲ್ಲಿ ಓರೆಯಾಗಿ ನಿಲ್ಲಿಸಿ, ಹುಳುವಿನ ಮೈಮೇಲೆ ಮೊಟ್ಟೆ ಇಡುವ ಊಜಿ ನೊಣ ಬಾರದ ಹಾಗೆ ಸುತ್ತ ಬಲೆ ಕಟ್ಟಿದೆವು. ಮಿಶ್ರ ತಳಿ, ಹಾಗಾಗಿ ಐದನೇ ದಿನ ಗೂಡು ಬಿಡಿಸಿದೆವು.

ಯಾವ ಚಂದ್ರಂಕಿಯ ಗೂಡು ಯಾವುದು ಅಂತ ಬೇರೆ ಬೇರೆ ಬುಟ್ಟಿಗೆ ಹಾಕಿ ನೋಡಿದೆ. ಹೊಸ ಮೂರರಲ್ಲಿ ಜೋಡಿ ಗೂಡು ಬಹಳ ಕಡಿಮೆ. ರಿಪೇರಿಯಾದವು ಹೊಸದಕ್ಕೆ ಸಮ, ಒಂದೆರಡು ಬಿಟ್ಟು. ಹಸಿ ಪಟ್ಟಿ ಕಟ್ಟಿ ಕೆಟ್ಟಿದ್ದರಲ್ಲಿ ಒಂದನ್ನು ಹೊತ್ತು ಸಾಲದೆ ಹಾಗೇ ಬಿಟ್ಟಿದ್ದೆವು. ಅದರಲ್ಲಿ ಸಂದು 3 ಅಂಗುಲ ಇದ್ದ ಮೂಲೆ ಪೂರ್ತಿ ನೂಲಿನ ಹರಕು, ಪಟ್ಟಿ ತಾಗಿಕೊಂಡಿದ್ದ ಪಕ್ಕದ ಸುತ್ತಿನಲ್ಲಿ ಜೋಡಿ ಗೂಡಿನ ಗುಂಪು. ಆ ಒಂದು ಚಂದ್ರಂಕಿಯನ್ನು ಅಜ್ಜಿಗೆ ಒಯ್ದು ತೋರಿಸಿದೆ. ಹರಕು ನೂಲನ್ನು ಬೆರಳಲ್ಲಿ ತಿಕ್ಕಿ ನೋಡಿ, "ಇಷ್ಟೊಂದು ರೇಷ್ಮೆ ದಂಡ ಆಯ್ತಲ್ಲೋ" ಅಂತ ನೊಂದುಕೊಂಡರು. ಅಷ್ಟು ವರ್ಷ ಚಂದ್ರಂಕಿ ಹೆಣೆದವರು, ಅದರಲ್ಲಿ ಗೂಡು ಹೇಗೆ ಕೂತಿರುತ್ತದೆ ಅಂತ ಇಷ್ಟು ಹತ್ತಿರದಿಂದ ನೋಡಿದ್ದು ಕಡಿಮೆಯಂತೆ. ಮಾರಿದ ಮೇಲೆ ಯಾರೂ ತಂದು ತೋರಿಸುವುದಿಲ್ಲವಲ್ಲ.

ಖರ್ಚು

ರಿಪೇರಿ 22ಕ್ಕೆ 3300. ಹೊಸದು 3ಕ್ಕೆ ಕೂಲಿ 3600. ಬಿದಿರು 1680. ಆಟೋ 600. ಬ್ಲೀಚಿಂಗ್ ಪೌಡರ್, ಸುಣ್ಣ 250. ಒಟ್ಟು 9430 ರೂಪಾಯಿ. ಡಿಪೋದ ಒಣ ಗಳದ ದುಡ್ಡು ಇದರಲ್ಲಿ ಸೇರಿಲ್ಲ. ಅದನ್ನು ತರದೇ ಇದ್ದರೂ ನಡೆಯುತ್ತಿತ್ತು.

ಪ್ಲಾಸ್ಟಿಕ್ ನೇತ್ರಿಕೆ (ಚಂದ್ರಂಕಿಯ ಬದಲು ಬಳಸುವ ಪ್ಲಾಸ್ಟಿಕ್ ತಟ್ಟಿ) ತಗೊಂಡಿದ್ದರೆ ಆಗುತ್ತಿರಲಿಲ್ವಾ ಅಂತ ಕೇಳಿದವರಿದ್ದಾರೆ. ಅದಕ್ಕೂ ಅನುಕೂಲ ಇದೆ. ಮಡಚಿಡಬಹುದು, ಜಾಗ ಕಡಿಮೆ, ತೊಳೆಯುವುದು ಸುಲಭ. ನಮ್ಮಲ್ಲೂ ಸ್ವಲ್ಪ ಇದೆ. ಆದರೆ ಅದು ಮುರಿದರೆ ಕಟ್ಟಿಕೊಡುವವರು ಯಾರೂ ಇಲ್ಲ, ತಿಪ್ಪೆಗೇ ಹೋಗಬೇಕು. ಬಿದಿರಿನದು ಅಪ್ಪನ ಕಾಲದಿಂದ ಬಂದು, ಈಗ 150 ರೂಪಾಯಿಗೆ ಮತ್ತೆ ಬೆಳೆ ಕೊಟ್ಟಿತು. ನಮ್ಮೂರಿನಿಂದ ನಡೆದು ಹೋಗುವ ದೂರದಲ್ಲಿ ಅದನ್ನು ಕಟ್ಟುವ ಕೈ ಇರುವಾಗ ಆ ಕೈಗೆ ಕೆಲಸ ಕೊಡದೆ ಇರುವುದು ನಮಗೇ ನಷ್ಟ.

ರಿಪೇರಿ ಮಾಡಿಸುವವರು ಒಂದು ವಿಷಯ ಗಮನದಲ್ಲಿ ಇಟ್ಟುಕೊಳ್ಳಿ. ಗೌರಿ ಹಬ್ಬದ ಮುಂಚಿನ ವಾರಗಳಲ್ಲಿ ಮೇದರಿಗೆ ಬಾಗಿನದ ಮೊರದ ಕೆಲಸ ಮೈಮೇಲೆ ಇರುತ್ತದೆ. ಆಗ ಚಂದ್ರಂಕಿ ಒಯ್ದರೆ ಅವರಿಗೂ ಕಷ್ಟ, ನಿಮಗೂ ತಡ. ಹಬ್ಬ ಮುಗಿದ ಮೇಲೆ ಅವರ ಕೈ ಖಾಲಿ ಆಗುತ್ತದೆ, ಆಗ ಹೋಗಿ. ನಾವು ಆ ಹೊತ್ತಿಗೆ ಇನ್ನೂ ಐದು ಹೊಸದು ಬೇಕು ಅಂತ ಹೇಳಿ, ಅರ್ಧ ದುಡ್ಡು ಮುಂಗಡ ಕೊಟ್ಟು ಬಂದಿದ್ದೇವೆ. ಕೆಟ್ಟ ಆ ಒಂದು ಚಂದ್ರಂಕಿ ಈಗಲೂ ಅಜ್ಜಿಯ ಮನೆಯಲ್ಲೇ ಇದೆ, ಪಟ್ಟಿ ಬಿಚ್ಚಿ ಒಣಗಲು ಹಾಕಿದ್ದಾರೆ.